ವೈದ್ಯವಿದ್ಯಾಲಯವನ್ನು ಆರಿಸುವ ಬಗೆ

ನೀಟ್ ಪರೀಕ್ಷೆಯ ಫಲಿತಾಂಶ ಪ್ರಕಟವಾಗುವ ಕಾಲ ಸಮೀಪಿಸಿತೆಂದರೆ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ನಮ್ಮ ಐದು ತಾಲ್ಲೂಕುಗಳ ಗೃಹಸ್ಥರು ಕೇಳುವ ಪ್ರಶ್ನೆ ಒಂದೇ. “ಹುಡುಗನಿಗೆ ಇಷ್ಟು ಅಂಕ ಬಂದಾವೆ, ಎಲ್ಲಿ ಸೇರಿಸೋಣ ಮೇಷ್ಟ್ರೇ?” ಎಂದು ತಂದೆಯು ಕೇಳಿದರೆ, “ಹೆಣ್ಣುಹುಡುಗಿಯನ್ನು ಅಷ್ಟು ದೂರ ಹೆಂಗೆ ಕಳಿಸೋದು?” ಎಂದು ತಾಯಿಯು ಕೇಳುವಳು. ಎರಡೂ ಯೋಗ್ಯವಾದ ಪ್ರಶ್ನೆಗಳೇ. ಆದರೆ ಉತ್ತರಕ್ಕಾಗಿ ನಮ್ಮವರು ಯಾರನ್ನು ನಂಬುವರೆಂಬುದನ್ನು ನೋಡಿದರೆ ವ್ಯಸನವಾಗುವುದು. ಮೊಬೈಲಿನಲ್ಲಿ ಬಂದ ಯಾರೋ ಕಾಣದವರ ಮಾತು, ಕೋಚಿಂಗ್ ಶಾಲೆಯ ಜಾಹೀರಾತು, ದಲ್ಲಾಳಿಯ ಫೋನು, ಇವುಗಳ ಮೇಲೆ ಐದೂವರೆ ವರ್ಷದ ವಿದ್ಯೆಯೂ, ಕೆಲವು ಸಲ ಹಿರಿಯರು ಗಳಿಸಿದ ಹೊಲವೂ ನಿಲ್ಲುವುದುಂಟು. ಆದುದರಿಂದ ಈ ತಿಂಗಳ ಅಂಕಣವನ್ನು ಈ ವಿಷಯಕ್ಕೇ ಮೀಸಲಿಟ್ಟಿರುವೆವು.

೨೦೨೫ರಲ್ಲಿ ದೇಶದಾದ್ಯಂತ ಈ ಪರೀಕ್ಷೆಗೆ ಹೆಸರು ಕೊಟ್ಟವರು ೨೨ ಲಕ್ಷಕ್ಕೂ ಹೆಚ್ಚು ಮಂದಿ. ಎಂ.ಬಿ.ಬಿ.ಎಸ್. ಸ್ಥಾನಗಳಾದರೋ ಒಂದು ಲಕ್ಷವನ್ನು ಸ್ವಲ್ಪ ಮೀರಿದಷ್ಟು ಮಾತ್ರ. ಅವುಗಳಲ್ಲಿ ಸರಕಾರಿ ಕಾಲೇಜಿನವು ಸುಮಾರು ಅರ್ಧ. ೭೨೦ ಅಂಕಗಳಲ್ಲಿ ಹುಡುಗನು ಗಳಿಸಿದುದನ್ನು ಇನ್ನು ಯಾರೂ ಬದಲಿಸಲಾರರು. ಆದರೆ ಅದೇ ಅಂಕಕ್ಕೆ ಒಬ್ಬನಿಗೆ ಸರಕಾರಿ ಸ್ಥಾನವೂ ಮತ್ತೊಬ್ಬನಿಗೆ ಬರಿಗೈಯೂ ಆಗುವುದುಂಟಷ್ಟೆ. ಅದು ಕಾಗದಪತ್ರಗಳಿಂದಲೂ, ಕಾಲೇಜುಗಳ ಹೆಸರನ್ನು ಬರೆದ ಕ್ರಮದಿಂದಲೂ ಆಗುವುದು. ಇವೆರಡೂ ಮನೆಯವರ ಕೈಯಲ್ಲಿರುವ ಸಂಗತಿಗಳು.

ನಮ್ಮ ಹಿರಿಯರಿಗೆ ಆರಿಸುವ ಕಷ್ಟವೇ ಇರಲಿಲ್ಲ. ೧೯೫೩ರವರೆಗೆ ಈ ಸೀಮೆಯು ಮದರಾಸು ಆಧಿಪತ್ಯಕ್ಕೆ ಸೇರಿದ್ದಿತು. ಡಾಕ್ಟರಾಗಬೇಕೆಂಬ ಹುಡುಗನು ೧೮೩೫ರಲ್ಲಿ ಸ್ಥಾಪಿತವಾದ ಮದರಾಸಿನ ಕಾಲೇಜಿನ ಬಾಗಿಲಿಗೆ ಹೋಗಬೇಕಾಗಿತ್ತು. ೧೯೨೪ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ೧೯೩೦ರಲ್ಲಿ ಮೈಸೂರಿಗೆ ಹೋದ ಕಾಲೇಜು ಕನ್ನಡನಾಡಿನದೇ ಆದರೂ, ನಮ್ಮ ಪಾಲಿಗೆ ಅದು ಬೇರೊಂದು ಸಂಸ್ಥಾನದ್ದು. ೧೯೫೭ರಲ್ಲಿ ಹುಬ್ಬಳ್ಳಿಯಲ್ಲಿಯೂ, ೧೯೬೧ರಲ್ಲಿ ಬಳ್ಳಾರಿಯಲ್ಲಿಯೂ ಕಾಲೇಜುಗಳು ಆದ ಮೇಲೆಯೇ ವೈದ್ಯವಿದ್ಯೆಯು ನಮ್ಮ ಬಸ್ಸಿನ ದಾರಿಗೆ ಬಂದಿತು. ಮುಂದೆ ಕೆಲವು ಕಾಲ ವಿಜಯನಗರ ವೈದ್ಯಕೀಯ ವಿಜ್ಞಾನ ಸಂಸ್ಥೆಯೆಂದು ಹೆಸರಾಗಿದ್ದುದು ಆ ಬಳ್ಳಾರಿಯ ಕಾಲೇಜೇ. ೨೦೧೫ರಲ್ಲಿ ಕೊಪ್ಪಳ ಗದಗುಗಳಲ್ಲಿಯೂ, ೨೦೨೩ರಲ್ಲಿ ಚಿತ್ರದುರ್ಗದಲ್ಲಿಯೂ ಸರಕಾರಿ ಕಾಲೇಜುಗಳು ತೆರೆದವು. ದಾವಣಗೆರೆಯ ಜೆ.ಜೆ.ಎಂ. ಕಾಲೇಜು ೧೯೬೫ರಿಂದ ನಡೆಯುತ್ತಿರುವುದು, ಅದು ಖಾಸಗಿಯದು. ಹೀಗೆ ಯಾವ ದಿಕ್ಕಿಗೆ ಬಸ್ಸು ಹತ್ತಿದರೂ ಒಂದೊಂದು ಕಾಲೇಜು ಸಿಕ್ಕುವುದು. ಆದರೆ ಒಂದೊಂದು ದಿಕ್ಕಿಗೆ ಒಂದೊಂದು ನಿಯಮವುಂಟೆಂಬುದನ್ನು ನಮ್ಮವರಲ್ಲಿ ಅನೇಕರು ಅರಿಯರು.

ಆ ನಿಯಮವೇ ಸಂವಿಧಾನದ ೩೭೧ (ಜೆ) ವಿಧಿ. ೨೦೧೨ರ ತಿದ್ದುಪಡಿಯಿಂದ ಹುಟ್ಟಿ ೨೦೧೩ರಲ್ಲಿ ಜಾರಿಗೆ ಬಂದ ಈ ವಿಧಿಯ ಮೇರೆಗೆ, ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯ ಕಾಲೇಜುಗಳಲ್ಲಿ ನೂರಕ್ಕೆ ೭೦ ಸ್ಥಾನಗಳು ಇಲ್ಲಿಯವರಿಗೇ ಮೀಸಲು. ಉಳಿದ ಕರ್ನಾಟಕದ ಕಾಲೇಜುಗಳಲ್ಲಿ ನಮಗಿರುವುದು ನೂರಕ್ಕೆ ೮. ಹಿಂದೆ ಇದಕ್ಕೆ ಹೈದರಾಬಾದ್ ಕರ್ನಾಟಕವೆಂದು ಹೆಸರು. ೨೦೧೯ರಿಂದ ಕಲ್ಯಾಣ ಕರ್ನಾಟಕ. ಬಳ್ಳಾರಿ ಸೀಮೆಯು ೧೯೪೮ರಲ್ಲಿ ನಿಜಾಮನ ಕೈಯಲ್ಲಿದ್ದ ನಾಡಲ್ಲವಾದರೂ ಅವನ ಹೆಸರಿನ ಲಾಭವು ನಮಗೆ ಬಂದುದು ಚರಿತ್ರೆಯ ಒಂದು ವಿನೋದ. ಹರಪನಹಳ್ಳಿಯವರಿಗೆ ಮಾತ್ರ ಇದು ವಿನೋದವಾಗಿರಲಿಲ್ಲ. ೧೯೯೭ರಲ್ಲಿ ಆ ತಾಲ್ಲೂಕನ್ನು ಹೊಸದಾಗಿ ಆದ ದಾವಣಗೆರೆ ಜಿಲ್ಲೆಗೆ ಸೇರಿಸಿದ್ದರಿಂದ, ವಿಧಿಯು ಜಾರಿಗೆ ಬಂದಾಗ ಅವರು ಗೆರೆಯ ಹೊರಗೆ ಉಳಿದರು. ಪಕ್ಕದ ಹಳ್ಳಿಯ ಹುಡುಗನಿಗೆ ದೊರೆತುದು ತನಗೇಕಿಲ್ಲವೆಂದು ಅಲ್ಲಿಯ ಮಕ್ಕಳು ಕೇಳಿದುದು ಸಹಜವೇ. ೨೦೧೮ರಲ್ಲಿ ಬಳ್ಳಾರಿ ಜಿಲ್ಲೆಗೆ ಮರಳಿದ ಮೇಲೆ ಅವರಿಗೂ ಈ ಸೌಲಭ್ಯವು ಬಂದಿತು. ೨೦೨೧ರಲ್ಲಿ ವಿಜಯನಗರ ಜಿಲ್ಲೆಯಾದಾಗ ಐದು ತಾಲ್ಲೂಕುಗಳೂ ಅದರೊಳಗೆ ಸೇರಿದವು.

ಆದುದರಿಂದ ಹರಪನಹಳ್ಳಿಯವನಿಗೆ ದಾವಣಗೆರೆಯು ಹತ್ತಿರ, ಹಡಗಲಿಯವನಿಗೆ ಹೊಳೆ ದಾಟಿದರೆ ಗದಗು ಹತ್ತಿರ, ಕೂಡ್ಲಿಗಿಯವನಿಗೆ ಚಿತ್ರದುರ್ಗವು ಹತ್ತಿರವೆಂದು ತೋರಿದರೂ, ಅಲ್ಲೆಲ್ಲ ನೂರಕ್ಕೆ ೮ರ ಕಿರುಬಾಗಿಲು. ಕೊಪ್ಪಳ, ಬಳ್ಳಾರಿ, ರಾಯಚೂರು, ಕಲಬುರಗಿ, ಯಾದಗಿರಿ, ಬೀದರಗಳಲ್ಲಿ ೭೦ರ ಹೆಬ್ಬಾಗಿಲು. ಹಾದಿಯ ದೂರವೂ ಸ್ಥಾನದ ದೂರವೂ ಒಂದೇ ಅಲ್ಲ.

ಹೆಬ್ಬಾಗಿಲಿಗೂ ಬೀಗವುಂಟು, ಕೀಲಿಕೈಯೆಂದರೆ ಉಪವಿಭಾಗಾಧಿಕಾರಿಗಳು ಕೊಡುವ ಅರ್ಹತಾ ಪ್ರಮಾಣಪತ್ರ. ಇದನ್ನು ಫಲಿತಾಂಶ ಬಂದ ಮೇಲೆ ತಂದರಾಯಿತೆನ್ನುವುದು ಅವಿವೇಕ. ಕೊಟ್ಟೂರೇಶ್ವರನ ತೇರಿನ ಸುಮಾರಿಗೆ ಅರ್ಜಿಯ ಕೆಲಸ ಆರಂಭವಾಗುವುದಾಗಿ ಎಣಿಸಿ, ಅದಕ್ಕೂ ಮೊದಲೇ ಇದನ್ನೂ, ತಹಶೀಲ್ದಾರರಿಂದ ಜಾತಿ ಮತ್ತು ಆದಾಯದ ಪತ್ರಗಳನ್ನೂ ಮನೆಯಲ್ಲಿ ಇಟ್ಟುಕೊಳ್ಳತಕ್ಕದ್ದು. ಹುಡುಗನ ಹೆಸರು, ತಂದೆಯ ಹೆಸರು, ಇನಿಷಿಯಲ್ ಇವು ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿರುವಂತೆಯೇ ಎಲ್ಲ ಪತ್ರಗಳಲ್ಲಿಯೂ ಇರಬೇಕು. ಒಂದರಲ್ಲಿ “ಕೊಟ್ರೇಶ”, ಮತ್ತೊಂದರಲ್ಲಿ “ಕೊಟ್ರೇಶಪ್ಪ” ಎಂದಿದ್ದರೆ ನಮ್ಮೂರಿನಲ್ಲಿ ಯಾರೂ ನಗುವುದಿಲ್ಲ. ದಾಖಲೆ ಪರಿಶೀಲಿಸುವ ಮೇಜಿನ ಮುಂದೆ ಕಣ್ಣೀರು ಬರುವುದು.

ಗ್ರಾಮೀಣ ವಿದ್ಯಾರ್ಥಿಗಳಿಗೆ ನೂರಕ್ಕೆ ೧೫, ಕನ್ನಡ ಮಾಧ್ಯಮದವರಿಗೆ ನೂರಕ್ಕೆ ೫ ಸ್ಥಾನಗಳುಂಟು. ಇವುಗಳನ್ನು ಬೇಡುವವರು ಒಂದನೆಯಿಂದ ಹತ್ತನೆಯ ತರಗತಿಯವರೆಗೆ ಹತ್ತು ಪೂರ್ಣ ವರ್ಷ ಹಳ್ಳಿಯ ಶಾಲೆಯಲ್ಲಿ, ಇಲ್ಲವೆ ಕನ್ನಡದಲ್ಲಿ, ಓದಿರಬೇಕು. ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲು ರುಜು ಬೇಕು. ಇದರಲ್ಲಿ ನಮ್ಮ ಗೃಹಸ್ಥರಿಗೆ ತಿಳಿಯದ ಸೂಕ್ಷ್ಮವೊಂದುಂಟು. ಏಳನೆಯ ತರಗತಿಯವರೆಗೆ ಹಳ್ಳಿಯಲ್ಲಿ ಓದಿದ ಮಗುವನ್ನು “ಒಳ್ಳೆಯ ಶಾಲೆ” ಎಂದು ಕೊಟ್ಟೂರಿಗೋ ಕೂಡ್ಲಿಗಿಗೋ ಎಂಟನೆಯ ತರಗತಿಗೆ ಕರೆತರುವೆವಷ್ಟೆ. ಪಟ್ಟಣ ಪಂಚಾಯಿತಿಯ ಎಲ್ಲೆಯೊಳಗಿನ ಶಾಲೆಯಲ್ಲಿ ಒಂದೇ ವರ್ಷ ಕಳೆದರೂ ಹಿಂದಿನ ಏಳು ವರ್ಷಗಳ ಗ್ರಾಮೀಣತ್ವವು ಲೆಕ್ಕಕ್ಕೆ ಬಾರದು. ಹಾಗೆಂದು ಪಾಠ ಸರಿಯಿಲ್ಲದ ಶಾಲೆಯಲ್ಲಿಯೇ ಮಗುವನ್ನು ಕಟ್ಟಿಹಾಕಿರೆಂದು ನಾವು ಹೇಳುವುದಿಲ್ಲ. ಬಿಟ್ಟುಕೊಡುತ್ತಿರುವುದು ಏನೆಂಬುದು ತಿಳಿದಿರಲಿ.

ಇನ್ನು ಹೆಸರುಗಳ ಕ್ರಮ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದವರು ಆಪ್ಷನ್ ಎಂದು ಕರೆಯುವ ಈ ಪಟ್ಟಿಯ ವಿಷಯದಲ್ಲಿರುವಷ್ಟು ತಪ್ಪು ಕಲ್ಪನೆಗಳು ಬೇರಾವುದರಲ್ಲಿಯೂ ಇಲ್ಲ. “ನಮ್ಮ ಅಂಕಕ್ಕೆ ಬೆಂಗಳೂರು ಸಿಕ್ಕುವುದಿಲ್ಲ, ಅದನ್ನು ಮೇಲೆ ಬರೆದರೆ ಕೆಳಗಿನದೂ ಕೈತಪ್ಪುವುದು” ಎಂಬುದು ಒಂದು. ಇದು ಶುದ್ಧ ಭ್ರಾಂತಿ. ಸಂತೆಯಲ್ಲಿ ಒಂದೇ ಅಂಗಡಿಯ ಮುಂದೆ ಎಲ್ಲರೂ ರ್‍ಯಾಂಕಿನ ಸರದಿಯಂತೆ ಚೀಟಿ ಹಿಡಿದು ನಿಂತಿರುವರೆಂದು ಭಾವಿಸಿರಿ. ನಮ್ಮ ಸರದಿ ಬಂದಾಗ ಅಂಗಡಿಯವನು ನಮ್ಮ ಚೀಟಿಯನ್ನು ಮೇಲಿನಿಂದ ಕೆಳಕ್ಕೆ ಓದುತ್ತ ಹೋಗಿ, ಮೊದಲು ಯಾವುದು ಉಳಿದಿದೆಯೋ ಅದನ್ನು ಕೊಡುವನು. ಮೇಲೆ ಬರೆದುದು ಇಲ್ಲವೆಂದು ಕೆಳಗಿನದರಲ್ಲಿ ನಮ್ಮ ಸರದಿ ಹಿಂದೆ ಹೋಗುವುದಿಲ್ಲ. ಯಂತ್ರವು ಮಾಡುವುದೂ ಇಷ್ಟೇ. ಆದುದರಿಂದ ಸಿಕ್ಕೀತೋ ಇಲ್ಲವೋ ಎಂಬ ಊಹೆಯನ್ನು ಬದಿಗಿಟ್ಟು, ಮನೆಯವರೆಲ್ಲ ಕುಳಿತು ನಿಜವಾಗಿ ಯಾವುದು ಹೆಚ್ಚು ಬೇಕೋ ಆ ಕ್ರಮದಲ್ಲಿಯೇ ಬರೆಯುವುದು ಕ್ಷೇಮ. ಸಿಕ್ಕಿದರೂ ಸೇರಲಾಗದ ಕಾಲೇಜನ್ನು ಬರೆಯಕೂಡದು, ಸೇರಬಹುದಾದುದನ್ನು ಬಿಡಕೂಡದು.

ಮೈಲಾರದ ಕಾರಣಿಕವನ್ನು ನಮ್ಮವರೆಲ್ಲ ಬಲ್ಲರು. ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಒಂದು ನುಡಿಗೆ ರೈತನು ಮಳೆಯೆಂದೂ, ವರ್ತಕನು ಧಾರಣೆಯೆಂದೂ, ರಾಜಕಾರಣಿಯು ಕುರ್ಚಿಯೆಂದೂ ಅರ್ಥ ಮಾಡುವರು. ಜುಲೈ ತಿಂಗಳಲ್ಲಿ ಹೋದ ವರ್ಷದ ಕಟ್‌ಆಫ್ ಪಟ್ಟಿಯನ್ನು ಹಿಡಿದು ಅರ್ಥ ಹೇಳುವವರನ್ನು ನೋಡಿದಾಗ ನಮಗೆ ಅದರ ನೆನಪಾಗುವುದು. ಆ ಪಟ್ಟಿಯಿಂದ ಅಂದಾಜು ದೊರೆಯುವುದು ನಿಜ. ಪ್ರಶ್ನೆಪತ್ರಿಕೆಯ ಕಾಠಿಣ್ಯದಂತೆ ಅಂಕಗಳು ಏರಿಳಿಯುವುದರಿಂದ, ನೋಡುವುದಾದರೆ ರ್‍ಯಾಂಕನ್ನು ನೋಡಬೇಕು, ಅಂಕವನ್ನಲ್ಲ.

ಹೆಸರನ್ನು ಬಿಟ್ಟುದರ ಫಲವನ್ನು ನಾವು ಹತ್ತಿರದಿಂದ ಕಂಡಿರುವೆವು. ಹಡಗಲಿಯ ಕಡೆ ಮಲ್ಲಿಗೆ ಬೆಳೆಯುವ ಗೃಹಸ್ಥರೊಬ್ಬರ ಮಗಳು ಒಳ್ಳೆಯ ರ್‍ಯಾಂಕನ್ನೇ ಪಡೆದಿದ್ದಳು. ಬೀದರವೂ ಯಾದಗಿರಿಯೂ ದೂರವೆಂದು ಅಜ್ಜಿಯು ಹಟ ಹಿಡಿದುದರಿಂದ, ಬಳ್ಳಾರಿ, ಕೊಪ್ಪಳ, ಗದಗು, ಹುಬ್ಬಳ್ಳಿ ಈ ನಾಲ್ಕನ್ನೇ ಬರೆದರು. ನಾಲ್ಕೂ ತುಂಬಿಹೋದವು. ಅವಳಿಗಿಂತ ಕೆಳಗಿನ ರ್‍ಯಾಂಕಿನವರಿಗೆ ಬೀದರದಲ್ಲಿ ಸ್ಥಾನಗಳು ದೊರೆತವು. ಇನ್ನು ಹೆಸರು ಸೇರಿಸಬಹುದೇ ಎಂದು ತಂದೆಯವರು ನಮ್ಮಲ್ಲಿಗೆ ಬಂದಾಗ ಕಾಲ ಮೀರಿದ್ದಿತು. ಅದೇ ವಾರ ದಲ್ಲಾಳಿಯೊಬ್ಬನ ಫೋನು ಬಂದಿತು. ತೋಟವನ್ನು ಮಾರಿ ಖಾಸಗಿ ಸ್ಥಾನವನ್ನು ಕೊಳ್ಳುವ ಮಾತು ಮನೆಯಲ್ಲಿ ಮೂರು ದಿನ ನಡೆಯಿತು. ಬೇಡವೆಂದವಳು ಆ ಹುಡುಗಿಯೇ. ಇನ್ನೊಂದು ವರ್ಷ ಮನೆಯಲ್ಲಿಯೇ ಕುಳಿತು ಓದಿದಳು. ಅಂಕಗಳು ಅಷ್ಟೇನೂ ಏರಲಿಲ್ಲ. ಈ ಸಲ ಎಲ್ಲ ಹೆಸರುಗಳನ್ನೂ ಬರೆದಿದ್ದರಿಂದ ಬೀದರದಲ್ಲಿಯೇ ಸ್ಥಾನ ದೊರೆಯಿತು.

ದುಡ್ಡಿನ ಲೆಕ್ಕವನ್ನು ಮರೆಮಾಚದೆ ಹೇಳುವೆವು. ೨೦೨೪-೨೫ರ ಸುಮಾರಿಗೆ ಸರಕಾರಿ ಕಾಲೇಜಿನಲ್ಲಿ ವರ್ಷಕ್ಕೆ ೬೦ ಸಾವಿರದ ಆಸುಪಾಸು. ಖಾಸಗಿ ಕಾಲೇಜಿನ ಸರಕಾರಿ ಕೋಟಾದಲ್ಲಿ ಒಂದೂವರೆ ಲಕ್ಷದ ಆಸುಪಾಸು. ಅದೇ ಕಾಲೇಜಿನ ಖಾಸಗಿ ಕೋಟಾದಲ್ಲಿ ೧೨ ಲಕ್ಷದ ಆಸುಪಾಸು. ಒಂದೇ ಬೆಂಚಿನ ಮೇಲೆ ಕುಳಿತು ಒಂದೇ ಪಾಠವನ್ನು ಕೇಳುವವರಲ್ಲಿ ಇಷ್ಟು ಅಂತರ! ಕೊನೆಯದು ನಾಲ್ಕೂವರೆ ವರ್ಷಕ್ಕೆ ಅರ್ಧ ಕೋಟಿಯನ್ನು ಮೀರುವುದು. ಅದರಾಚೆಗೆ ಕೇಳುವ ಕಾಣಿಕೆಯನ್ನು ಕರ್ನಾಟಕವು ೧೯೮೪ರ ಕಾಯಿದೆಯಿಂದಲೇ ನಿಷೇಧಿಸಿರುವುದು. ೧೯೯೨ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕ್ಯಾಪಿಟೇಶನ್ ಶುಲ್ಕವನ್ನು ಖಂಡಿಸಿದ ಮೋಹಿನಿ ಜೈನ್ ಮೊಕದ್ದಮೆಯು ನಮ್ಮ ರಾಜ್ಯದ ವೈದ್ಯಕೀಯ ಕಾಲೇಜಿನ ವಿಷಯದಲ್ಲಿಯೇ ಹುಟ್ಟಿದುದು. ಸ್ಥಾನಗಳು ಹಂಚಿಕೆಯಾಗುವುದು ರ್‍ಯಾಂಕಿನಿಂದ. “ನಾನು ಕೊಡಿಸುವೆ” ಎಂದು ಮುಂಗಡ ಕೇಳುವವನು ಮೋಸಗಾರನೆಂದೇ ತಿಳಿಯತಕ್ಕದ್ದು. ಮಳೆಯನ್ನು ನಂಬಿದ ಕೂಡ್ಲಿಗಿಯ ಹೊಲದ ಮೇಲೆ ಅರ್ಧ ಕೋಟಿಯ ಸಾಲವನ್ನು ಮಾಡಿದವನ ಮಗನು ಡಾಕ್ಟರಾದ ದಿನವೇ ಬಡ್ಡಿಯ ಆಳಾಗುವನು. ಅನುಕೂಲವುಳ್ಳವರು ಖಾಸಗಿ ಕಾಲೇಜಿನಲ್ಲಿ ಓದಿಸುವುದನ್ನು ನಾವು ಆಕ್ಷೇಪಿಸುವುದಿಲ್ಲ. ಹೊಲವೇ ಅನ್ನವಾದವರಿಗೆ ಈ ಮಾತು.

“ಆ ಹಿಂದುಳಿದ ಕಡೆಯ ಕಾಲೇಜಿನಲ್ಲಿ ಏನು ಕಲಿಸಿಯಾರು?” ಎಂದು ಕೇಳುವವರಿಗೆ ಪ್ರಾಚೀನರ ಅಭಿಪ್ರಾಯವನ್ನು ತಿಳಿಸುವೆವು. ಚರಕಸಂಹಿತೆಯ ವಿಮಾನಸ್ಥಾನದ ಎಂಟನೆಯ ಅಧ್ಯಾಯದಲ್ಲಿ, ವೈದ್ಯನಾಗಲಿಚ್ಛಿಸುವವನು ಮೊದಲು ಶಾಸ್ತ್ರವನ್ನೂ ಆಮೇಲೆ ಆಚಾರ್ಯನನ್ನೂ ಪರೀಕ್ಷಿಸಬೇಕೆಂದು ವಿಧಿಸಿದೆ. ಶಿಷ್ಯನು ಗುರುವನ್ನು ಪರೀಕ್ಷಿಸುವುದೆಂದರೆ ಇಂದಿನವರಿಗೂ ದಿಟ್ಟತನವೆನಿಸೀತು. ಆ ಆಚಾರ್ಯನ ಲಕ್ಷಣಗಳಲ್ಲಿ ಶಾಸ್ತ್ರಜ್ಞಾನದೊಡನೆಯೇ ಕರ್ಮವನ್ನು ಕಣ್ಣಾರೆ ಕಂಡಿರುವಿಕೆಯೂ, ಉಪಕರಣಗಳುಳ್ಳವನಾಗಿರುವಿಕೆಯೂ ಹೇಳಲ್ಪಟ್ಟಿವೆ; ಕಟ್ಟಡದ ಸೊಬಗು ಎಲ್ಲಿಯೂ ಇಲ್ಲ. ಸುಶ್ರುತನಾದರೋ ಶಸ್ತ್ರಕ್ರಿಯೆಯನ್ನು ಕುಂಬಳಕಾಯಿ ಸೋರೆಕಾಯಿಗಳ ಮೇಲೆ ಮೊದಲು ಅಭ್ಯಾಸ ಮಾಡಿಸುವನು. ಕೈಯಿಂದ ಕಲಿಯತಕ್ಕ ವಿದ್ಯೆಯಿದು. ಆದುದರಿಂದ ಕಾಲೇಜನ್ನು ನೋಡಲು ಹೋದ ತಂದೆಯು ಮುಂಬಾಗಿಲ ಕಮಾನನ್ನು ಬಿಟ್ಟು, ಬೆಳಗಿನ ಒಂಬತ್ತು ಗಂಟೆಗೆ ಹೊರರೋಗಿಗಳ ವಿಭಾಗದ ಮುಂದೆ ನಿಲ್ಲಲಿ. ಸಾಲು ಎಷ್ಟು ಉದ್ದವಿದೆ? ವಾರ್ಡಿನ ಮಂಚಗಳಲ್ಲಿ ರೋಗಿಗಳಿರುವರೋ, ಹಾಸಿದ ಬಿಳಿಯ ಬಟ್ಟೆ ಮಾತ್ರವೋ? ಹಿರಿಯ ವಿದ್ಯಾರ್ಥಿಗಳನ್ನು ಕೇಳಿದರೆ, ಹೆರಿಗೆಗಳನ್ನು ಕೈಯಾರೆ ಮಾಡಿಸುವರೋ ದೂರದಿಂದ ತೋರಿಸುವರೋ ಎಂಬುದು ತಿಳಿಯುವುದು. ಬಳ್ಳಾರಿಯ ಆಸ್ಪತ್ರೆಗೆ ನಾಲ್ಕು ದಿಕ್ಕಿನ ರೋಗಿಗಳು ಬರುವರು. ಗಡಿಯಾಚೆಯ ಆಂಧ್ರದವರೂ ಬರುವರು. ದಾವಣಗೆರೆಯ ಜಿಲ್ಲಾಸ್ಪತ್ರೆಗೆ ಚಿಗಟೇರಿಯೆಂಬ ಹೆಸರೇ ಇರುವುದು. ಚಿಗಟೇರಿ ಎಂಬುದು ಹರಪನಹಳ್ಳಿ ತಾಲ್ಲೂಕಿನ ಒಂದು ಊರಿನ ಹೆಸರೂ ಹೌದು. ಇಂಥ ಕಡೆಗಳಲ್ಲಿ ವಿದ್ಯಾರ್ಥಿಗೆ ರೋಗಿಗಳ ಬರವಿಲ್ಲ.

ಬೀದರ ಯಾದಗಿರಿಗಳಲ್ಲಿಯೂ ಜಿಲ್ಲೆಯ ರೋಗಿಗಳೇ ಪುಸ್ತಕ. ಅಲ್ಲಿಯವರ ಮಾತಿನಲ್ಲಿ ಉರ್ದು, ಮರಾಠಿ, ತೆಲುಗು ಬೆರೆತಿರುವುದರಿಂದ ಮೊದಲ ಆರು ತಿಂಗಳು ತೊಡಕಾಗುವುದು, ಆಮೇಲೆ ನಾಲ್ಕು ಭಾಷೆಯಲ್ಲಿ “ಎಲ್ಲಿ ನೋಯುತ್ತದೆ?” ಎಂದು ಕೇಳಲು ಬರುವುದು. ತಾಯಂದಿರ ಪ್ರಶ್ನೆಗೆ ನಮ್ಮ ಉತ್ತರವಿಷ್ಟು: ಸೇರಿಸುವ ಮುಂಚೆ ಹುಡುಗಿಯರ ಹಾಸ್ಟೆಲನ್ನು ತಾಯಿಯೇ ಹೋಗಿ ಕಣ್ಣಾರೆ ನೋಡಿಬರಲಿ, ಅಲ್ಲಿಯ ಹುಡುಗಿಯರೊಡನೆ ಮಾತನಾಡಲಿ. ತಂದೆಯು ನೋಡಿಬಂದು ಹೇಳಿದುದರಿಂದ ಆಕೆಗೆ ಸಮಾಧಾನವಾಗದು.

ಸರಕಾರಿ ಸ್ಥಾನಗಳಲ್ಲಿ ನೂರಕ್ಕೆ ೧೫ ಅಖಿಲ ಭಾರತ ಪಾಲಿಗೆ ಹೋಗುವವು. ಅದಕ್ಕೆ ಕೇಂದ್ರದವರಲ್ಲಿ ಬೇರೆಯೇ ಹೆಸರು ನೋಂದಾಯಿಸಬೇಕು. ಅಲ್ಲಿ ನಮ್ಮ ೩೭೧ (ಜೆ) ನಡೆಯದು. ಸ್ಥಾನ ಹಂಚಿಕೆಯಾದ ಮೇಲೆ ಅದನ್ನು ಒಪ್ಪುವ, ಇಟ್ಟುಕೊಂಡು ಮುಂದಿನ ಸುತ್ತನ್ನು ಕಾಯುವ, ಬಿಟ್ಟುಕೊಡುವ ನಿಯಮಗಳೂ ದಂಡಗಳೂ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ, ಹೋದ ವರ್ಷ ಸೇರಿದವರ ಮಾತನ್ನು ನಂಬದೆ ಆ ವರ್ಷದ ಪ್ರಕಟಣೆಯನ್ನೇ ಓದಿಸಿ ಕೇಳಬೇಕು. ಸೇರುವ ದಿನ ಮೂಲ ಪತ್ರಗಳನ್ನೆಲ್ಲ ಸಾಧಾರಣವಾಗಿ ಕಾಲೇಜಿನವರು ಇಟ್ಟುಕೊಳ್ಳುವರು. ಹೊರಡುವ ಮೊದಲೇ ಒಂದೊಂದಕ್ಕೂ ಐದಾರು ಪ್ರತಿಗಳನ್ನು ತೆಗೆಸಿ, ಒಂದು ಕಟ್ಟನ್ನು ಮನೆಯ ಟ್ರಂಕಿನಲ್ಲಿ ಇಟ್ಟು ಹೋಗಿರಿ.