ಕುಣಿತದೊಳಗಿನ ಕರೆ

ಕುಣಿಸುವ ಸಂಗೀತಕ್ಕೂ ಚಿಂತನೆಗೂ ಸಂಬಂಧವಿಲ್ಲವೆಂಬ ಮಾತು ವಿದ್ಯಾವಂತರ ಬಾಯಲ್ಲಿ ಸಲೀಸಾಗಿ ಬರುತ್ತದೆ. ಕಾಲು ಎದ್ದೊಡನೆ ತಲೆ ಮಲಗುತ್ತದೆಂದು ಇವರ ನಂಬಿಕೆ. ಡಿಸ್ಕೋ ಎಂಬ ಹೆಸರು ಕೇಳಿದರಂತೂ ತೀರ್ಪು ವಿಚಾರಣೆಗೆ ಮೊದಲೇ ಸಿದ್ಧ. ಅಂಥವರು ಅಮೆರಿಕದ ಫಿಲಡೆಲ್ಫಿಯ ನಗರದ 'ಹೆರಾಲ್ಡ್ ಮೆಲ್ವಿನ್ ಅಂಡ್ ದಿ ಬ್ಲೂ ನೋಟ್ಸ್' ಎಂಬ ಕಪ್ಪು ಜನರ ಗಾಯಕವೃಂದ 1975ರಲ್ಲಿ ಹೊರತಂದ 'ವೇಕ್ ಅಪ್ ಎವ್ರಿಬಡಿ' ಎಂಬ ಮುದ್ರಿಕೆಯನ್ನು ಒಮ್ಮೆ ಕೇಳಬೇಕೆಂದು ನನ್ನ ಬಿನ್ನಹ. ಎಲ್ಲರೂ ಎಚ್ಚರಗೊಳ್ಳಿ ಎಂಬುದು ಆ ಹೆಸರಿನ ಅರ್ಥ.

ಹೆಸರಿನ ಹಾಡು ಏಳೂವರೆ ನಿಮಿಷದ್ದು. ಅದನ್ನು ರಚಿಸಿದವರು ಜಾನ್ ವೈಟ್‌ಹೆಡ್, ಜೀನ್ ಮ್ಯಾಕ್‌ಫ್ಯಾಡನ್ ಮತ್ತು ವಿಕ್ಟರ್ ಕಾರ್‌ಸ್ಟಾರ್ಫನ್. ಅದು ಉಪಾಧ್ಯಾಯರನ್ನು ಕರೆಯುತ್ತದೆ, ವೈದ್ಯರನ್ನು ಕರೆಯುತ್ತದೆ, ಮನೆ ಕಟ್ಟುವವರನ್ನು ಕರೆಯುತ್ತದೆ. ಒಬ್ಬೊಬ್ಬರಿಗೂ ಅವರವರ ಕೆಲಸವನ್ನೇ ಹೊಸದಾಗಿ ಮಾಡಲು ಹೇಳುತ್ತದೆ. ಇಂಥ ವಸ್ತು ಎಷ್ಟು ಬೇಗ ಒಣ ಉಪದೇಶವಾಗಬಲ್ಲದೆಂಬುದನ್ನು ಸಭೆಗಳಲ್ಲಿ ಕುಳಿತು ಬೇಸತ್ತವರೆಲ್ಲ ಬಲ್ಲರು. ಇಲ್ಲಿ ಹಾಗಾಗಲಿಲ್ಲ. ಹಾಡು ಮೆಲ್ಲಗೆ ಮೊದಲಾಗುತ್ತದೆ, ಲಯ ಗಟ್ಟಿಗೊಳ್ಳುತ್ತ ಬರುತ್ತದೆ, ಥಿಯೊಡೋರ್ ಪೆಂಡರ್‌ಗ್ರಾಸ್‌ನ ಒರಟು ಕಂಠ ಕೊನೆಗೆ ಬರೆದಿಟ್ಟ ಮಾತನ್ನೇ ಮೀರಿ ಮೊರೆಯಿಡತೊಡಗುತ್ತದೆ. ಆ ಹೊತ್ತಿಗೆ ಕೇಳುವವನ ಮೈ ಒಪ್ಪಿಯಾಗಿರುತ್ತದೆ. ಬುದ್ಧಿ ಹಿಂದಿನಿಂದ ಬರುತ್ತದೆ.

ಪೆಂಡರ್‌ಗ್ರಾಸ್ ಮೊದಲು ಈ ವೃಂದದ ಡ್ರಮ್ ವಾದಕನಾಗಿದ್ದವನು. ಮಾತನ್ನು ಎಲ್ಲಿ ತಡೆಹಿಡಿಯಬೇಕು, ಎಲ್ಲಿ ಬಿಡಬೇಕು ಎಂಬ ಆತನ ತಿಳಿವಳಿಕೆ ಅಲ್ಲಿಯದೇ ಇರಬೇಕು. ಹೆಸರು ಮಾತ್ರ ಮೆಲ್ವಿನ್‌ನದು. ಹಾಡುತ್ತಿರುವವನೇ ಮೆಲ್ವಿನ್ ಎಂದು ಎಷ್ಟೋ ಜನ ತಿಳಿದಿದ್ದರು. ಆ ವೃಂದದೊಡನೆ ಪೆಂಡರ್‌ಗ್ರಾಸ್ ಹಾಡಿದ ಕೊನೆಯ ಸಂಪುಟವೂ ಇದೇ.

ಹಾಡುಗಳೆಲ್ಲ ಒಂದೇ ತೂಕದವಲ್ಲ. ನಡುವಿನ ಕೆಲವು ಪ್ರೇಮಗೀತೆಗಳು ಸ್ಥಳ ತುಂಬಲು ಬಂದವೆಂದೇ ನನಗೆ ತೋರುತ್ತದೆ. ಆದರೆ 'ಡೋಂಟ್ ಲೀವ್ ಮಿ ದಿಸ್ ವೇ' ಬೇರೆ ಮಾತು. ನಿರ್ಮಾಪಕರಾದ ಕೆನೆತ್ ಗ್ಯಾಂಬಲ್ ಮತ್ತು ಲಿಯಾನ್ ಹಫ್ ಇಬ್ಬರೂ ಕ್ಯಾರಿ ಗಿಲ್ಬರ್ಟ್ ಜತೆಗೂಡಿ ರಚಿಸಿದ್ದು ಇದು. ಬಿಟ್ಟು ಹೋಗಬೇಡವೆಂದು ಅಂಗಲಾಚುವ ಮಾತು, ಕುಣಿಯದೆ ಇರಲಾಗದ ಲಯ. ದುಃಖಕ್ಕೆ ಈ ವೇಗ ಸಲ್ಲದೆಂದು ಆಕ್ಷೇಪಿಸಬಹುದು. ನಾನು ಒಪ್ಪಲಾರೆ. ಇದೇ ವೃಂದದ 1973ರ 'ದಿ ಲವ್ ಐ ಲಾಸ್ಟ್' ವಿಳಂಬಗತಿಯ ಹಾಡಾಗಿ ಹುಟ್ಟಿ, ಮುದ್ರಣದ ಹೊತ್ತಿಗೆ ದ್ರುತಗತಿಗೆ ತಿರುಗಿದ್ದು. ಅದರಲ್ಲಿ ಅರ್ಲ್ ಯಂಗ್ ಬಾರಿಸಿದ ತಾಳವೇ ಮುಂದೆ ಡಿಸ್ಕೋದ ನಾಡಿಯಾಯಿತು. ಕಳೆದುಕೊಂಡವರ ಹಾಡಿನಲ್ಲೇ ಆ ತಾಳ ರೂಪುಗೊಂಡಿತೆಂಬುದನ್ನು ಟೀಕಾಕಾರರು ನೆನೆಯುವುದಿಲ್ಲ.

ತಿರಸ್ಕಾರ ಬರಿಯ ರುಚಿಯ ಮಾತಾಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. 1979ರ ಜುಲೈ 12ರಂದು ಷಿಕಾಗೋ ನಗರದ ಕಾಮಿಸ್ಕಿ ಪಾರ್ಕಿನಲ್ಲಿ, ಎರಡು ಬೇಸ್‌ಬಾಲ್ ಪಂದ್ಯಗಳ ನಡುವೆ, ಡಿಸ್ಕೋ ಮುದ್ರಿಕೆಗಳನ್ನು ಸಿಡಿಮದ್ದಿಟ್ಟು ಉಡಾಯಿಸಿದರು. ಜನ ಮೈದಾನಕ್ಕೆ ನುಗ್ಗಿ ಎರಡನೆಯ ಪಂದ್ಯವೇ ನಿಂತುಹೋಯಿತು. ಜನ ತಂದವುಗಳಲ್ಲಿ ಡಿಸ್ಕೋ ಅಲ್ಲದ, ಕಪ್ಪು ಗಾಯಕರ ಮುದ್ರಿಕೆಗಳೂ ಇದ್ದವೆಂದು ಅಂದು ಅಲ್ಲಿ ಕೆಲಸದಲ್ಲಿದ್ದವರೊಬ್ಬರು ಮುಂದೆ ಹೇಳಿದ್ದಾರೆ. ಹಾಡನ್ನು ಹೀಗಳೆಯುವುದಕ್ಕೂ ಹಾಡುವವರನ್ನು ಹೀಗಳೆಯುವುದಕ್ಕೂ ನಡುವಣ ಗೆರೆ ಎಷ್ಟು ತೆಳುವಾದುದು!

ಹಾಡುಗಳಾದರೋ ಉಳಿದವು. ಹೆಸರಿನ ಹಾಡನ್ನು 2010ರಲ್ಲಿ ಜಾನ್ ಲೆಜೆಂಡ್ ಮತ್ತು 'ದಿ ರೂಟ್ಸ್' ತಂಡದವರು ಮತ್ತೆ ಹಾಡಿದರು. ಇನ್ನೊಂದನ್ನು ಥೆಲ್ಮಾ ಹ್ಯೂಸ್ಟನ್ ಎತ್ತಿಕೊಂಡು 1977ರಲ್ಲಿ ಅಮೆರಿಕದ ಪಟ್ಟಿಯ ತುದಿಗೇರಿಸಿದಳು. ಮುಂದೆ ಏಡ್ಸ್ ರೋಗ ಅಲ್ಲಿಯ ಸಲಿಂಗಿ ಪುರುಷರ ಬಳಗಗಳನ್ನು ಬರಿದುಮಾಡತೊಡಗಿದಾಗ ಅವರು ತಮ್ಮದಾಗಿಸಿಕೊಂಡದ್ದು ಇದೇ ಹಾಡನ್ನು. ಮಾತೂ ತಾಳವೂ ಮೊದಲಿನವೇ. ಅಗಲಿ ಹೋಗುತ್ತಿದ್ದವರು ಮಾತ್ರ ಈಗ ಮುನಿದ ಪ್ರಿಯರಾಗಿರಲಿಲ್ಲ.