ಮೊದಲು ಮಾಹಿತಿ, ಆಮೇಲೆ ಶುಲ್ಕ: ಎಂಒಟಿ ಪ್ರವೇಶ ಕುರಿತು ಒಂದು ಮನವಿ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ರಾಜ್ಯ ಅಲೈಡ್ ಮತ್ತು ಹೆಲ್ತ್‌ಕೇರ್ ಪರಿಷತ್ತು, ಬೆಂಗಳೂರು.

ವಿಷಯ: ಆಕ್ಯುಪೇಷನಲ್ ಥೆರಪಿ ಸ್ನಾತಕೋತ್ತರ ಪದವಿಗೆ (ಎಂಒಟಿ) ಶುಲ್ಕ ಕಟ್ಟಿಸಿಕೊಳ್ಳುವ ಮೊದಲೇ ಕಾಲೇಜುಗಳು ಪೂರ್ಣ ಮಾಹಿತಿ ಪ್ರಕಟಿಸುವುದನ್ನು ಕಡ್ಡಾಯಗೊಳಿಸುವ ಬಗ್ಗೆ.

ಮಾನ್ಯರೇ,

ರಾಜ್ಯದ ಆಕ್ಯುಪೇಷನಲ್ ಥೆರಪಿ ಸ್ನಾತಕ (ಬಿಒಟಿ) ಪದವೀಧರರು, ಎಂಒಟಿ ವಿದ್ಯಾರ್ಥಿಗಳು ಹಾಗೂ ಅವರ ಪೋಷಕರು ಸೇರಿ ಸಹಿ ಮಾಡಿರುವ ಮನವಿ ಇದು. ಇದೇ ವಿಷಯವಾಗಿ ಮನವಿದಾರರು ಸಂಬಂಧಪಟ್ಟ ಕಚೇರಿಗಳಿಗೆ ಹಿಂದೆಯೂ ಬರೆದಿದ್ದಾರೆ. ಒಂದು ಕಡೆ ಸ್ವೀಕೃತಿಯ ಮುದ್ರೆ ಬಿತ್ತು, ಇನ್ನೊಂದು ಕಡೆಯಿಂದ ‘ಪರಿಶೀಲನೆಯಲ್ಲಿದೆ’ ಎಂಬ ಒಂದು ಸಾಲು ಬಂತು. ಪರಿಶೀಲನೆ ಮುಗಿಯುವುದರೊಳಗೆ ಮತ್ತೊಂದು ಬ್ಯಾಚು ಶುಲ್ಕ ಕಟ್ಟಿ ತರಗತಿಯಲ್ಲಿ ಕೂತಿದೆ. ಆದ್ದರಿಂದ ಈ ಬಾರಿ ದಾಖಲೆಗಳ ಕಟ್ಟನ್ನೂ ಜೊತೆಗಿರಿಸಲಾಗಿದೆ.

ದೂರು ಸರಳವಾದದ್ದು. ಎರಡು ವರ್ಷದ ಎಂಒಟಿಯಲ್ಲಿ ವಿದ್ಯಾರ್ಥಿ ಆರಿಸಿಕೊಳ್ಳುವ ವಿಭಾಗವೇ ಮುಂದಿನ ವೃತ್ತಿಯನ್ನು ನಿರ್ಧರಿಸುತ್ತದೆ. ಮಕ್ಕಳ ವಿಭಾಗಕ್ಕೆ ಹೋದವರು ಆಟಿಸಂ, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳೊಂದಿಗೆ ದುಡಿಯುತ್ತಾರೆ. ಕೈ ಚಿಕಿತ್ಸೆ ಕಲಿತವರು ಸುಟ್ಟ ಗಾಯದ, ನರ ತುಂಡಾದ ಕೈಗಳಿಗೆ ಸ್ಪ್ಲಿಂಟ್ ಮಾಡುತ್ತಾರೆ. ನರರೋಗ ವಿಭಾಗದವರು ಪಾರ್ಶ್ವವಾಯು ಬಡಿದವರಿಗೆ ಮತ್ತೆ ತಾವೇ ಉಣ್ಣುವುದನ್ನು, ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನು ಕಲಿಸುತ್ತಾರೆ. ಈ ಆಯ್ಕೆ ಸರಿಯಾಗಿ ನಡೆಯಬೇಕಾದರೆ ಅರ್ಜಿ ಹಾಕುವ ದಿನವೇ ಮೂರು ಸಂಗತಿ ಗೊತ್ತಿರಬೇಕು: ಆ ವಿಭಾಗಕ್ಕೆ ಗೈಡ್ ಯಾರು, ಪೋಸ್ಟಿಂಗ್ ಯಾವ ಆಸ್ಪತ್ರೆಯಲ್ಲಿ, ಅಲ್ಲಿಗೆ ಆ ಬಗೆಯ ರೋಗಿಗಳು ಬರುತ್ತಾರೆಯೇ. ಈ ಮೂರೂ ಈಗ ಶುಲ್ಕ ಕಟ್ಟಿದ ಮೇಲೆ, ಅದೂ ವಾಪಸಾತಿಯ ಗಡುವು ಕಳೆದ ಮೇಲೆ ಗೊತ್ತಾಗುತ್ತಿವೆ.

ಸಹಿ ಮಾಡಿದವರಲ್ಲಿ ರಾಯಚೂರು ಜಿಲ್ಲೆಯ ಒಬ್ಬ ವಿದ್ಯಾರ್ಥಿನಿ ಇದ್ದಾರೆ. ಆಕೆ ಸೇರಿದ್ದ ಕಾಲೇಜಿನ ಪ್ರಾಸ್ಪೆಕ್ಟಸ್‌ನಲ್ಲಿ ಮಕ್ಕಳ ವಿಭಾಗದ ವಿಶೇಷ ಅಧ್ಯಯನದ ಭರವಸೆಯಿತ್ತು, ಉಯ್ಯಾಲೆ ತೂಗುಹಾಕಿದ ಸೆನ್ಸರಿ ಇಂಟಿಗ್ರೇಷನ್ ಕೊಠಡಿಯ ಬಣ್ಣದ ಚಿತ್ರವಿತ್ತು (ಅನುಬಂಧ 1). ಬ್ಯಾಂಕ್ ಸಾಲ ಪಡೆದು ಮೊದಲ ವರ್ಷದ ಶುಲ್ಕ ಕಟ್ಟಿದರು (ಅನುಬಂಧ 2). ಮೂಲ ಅಂಕಪಟ್ಟಿಗಳನ್ನು ಕಾಲೇಜು ತೆಗೆದಿರಿಸಿಕೊಂಡಿತು (ಅನುಬಂಧ 3). ಗೈಡ್ ಹಂಚಿಕೆಯ ಪಟ್ಟಿ ಹೊರಬಿದ್ದಾಗ ಆಕೆಯ ಹೆಸರು ಮೂಳೆ-ಸ್ನಾಯು ವಿಭಾಗದಲ್ಲಿತ್ತು (ಅನುಬಂಧ 4). ವಿಚಾರಿಸಿದರೆ, ಮಕ್ಕಳ ವಿಭಾಗದ ಅಧ್ಯಾಪಕರು ಪ್ರವೇಶ ಪ್ರಕ್ರಿಯೆ ಶುರುವಾಗುವ ಮೊದಲೇ ಕೆಲಸ ಬಿಟ್ಟಿದ್ದರು. ಕಾಲೇಜಿಗೆ ಇದು ತಿಳಿದಿತ್ತು, ಪ್ರಾಸ್ಪೆಕ್ಟಸ್‌ಗೆ ಮಾತ್ರ ತಿಳಿದಿರಲಿಲ್ಲ.

ಆಕೆ ಬಿಟ್ಟುಹೋಗುವುದಾಗಿ ಬರೆದುಕೊಟ್ಟರು (ಅನುಬಂಧ 5). ಎರಡನೇ ವರ್ಷದ ಶುಲ್ಕವನ್ನೂ ಕಟ್ಟಿ ಮೂಲ ಅಂಕಪಟ್ಟಿ ಒಯ್ಯಬಹುದೆಂದು ಉತ್ತರ ಬಂತು (ಅನುಬಂಧ 6). ಯುಜಿಸಿಯ ಅಕ್ಟೋಬರ್ 2018ರ ಅಧಿಸೂಚನೆ ಮೂಲ ದಾಖಲೆಗಳನ್ನು ಒತ್ತೆ ಇಟ್ಟುಕೊಳ್ಳುವುದನ್ನು ನಿಷೇಧಿಸಿದೆ ಎಂಬುದನ್ನು ಪರಿಷತ್ತಿಗೆ ಹೇಳಿಕೊಡಬೇಕಾದ ಅಗತ್ಯವಿಲ್ಲ. ಆದರೂ ಕಡತದಲ್ಲಿರಲೆಂದು ಅದರ ಪ್ರತಿಯನ್ನು ಲಗತ್ತಿಸಿದೆ (ಅನುಬಂಧ 7).

ಅದೇ ಅಧಿಸೂಚನೆಯ ಲೆಕ್ಕ ನೋಡಿದರೆ ವಿದ್ಯಾರ್ಥಿಗಳು ಸಿಕ್ಕಿಬೀಳುವ ಬಗೆ ಅರ್ಥವಾಗುತ್ತದೆ. ಪ್ರವೇಶದ ಕೊನೆಯ ದಿನಾಂಕಕ್ಕೆ 15 ದಿನ ಮೊದಲೇ ಬಿಟ್ಟವರಿಗೆ ಸಣ್ಣದೊಂದು ಕಡಿತದೊಂದಿಗೆ ಪೂರ್ತಿ ಹಣ ವಾಪಸು. ಆಮೇಲೆ ಹಂತಹಂತವಾಗಿ ಶೇ 90, 80, 50. ಕೊನೆಯ ದಿನಾಂಕ ಕಳೆದು 30 ದಿನ ದಾಟಿದರೆ ಸೊನ್ನೆ. ಗೈಡ್ ಹಂಚಿಕೆ, ಪೋಸ್ಟಿಂಗ್ ಪಟ್ಟಿ ಎರಡನ್ನೂ ಈ 30 ದಿನದ ಆಚೆಗೆ ತಳ್ಳಿದರೆ ಕಾಲೇಜು ಯಾವ ನಿಯಮವನ್ನೂ ಮುರಿದಂತಾಗುವುದಿಲ್ಲ, ವಿದ್ಯಾರ್ಥಿಗೆ ಒಂದು ರೂಪಾಯಿಯೂ ಮರಳುವುದಿಲ್ಲ. ಸೀರೆ ಅಂಗಡಿಯವನು ಕೂಡ ಮಡಿಕೆ ಬಿಚ್ಚಿ ತೋರಿಸಿದ ಮೇಲೆಯೇ ದುಡ್ಡು ಕೇಳುತ್ತಾನೆ. ಸ್ನಾತಕೋತ್ತರ ಶಿಕ್ಷಣದಲ್ಲಿ ಆ ಮಟ್ಟದ ಮರ್ಯಾದೆಯನ್ನು ನಿರೀಕ್ಷಿಸುವುದು ಅತಿಯಾಸೆಯಾಗಲಾರದೆಂದು ಮನವಿದಾರರು ವಿನಯಪೂರ್ವಕ ಭಾವಿಸುತ್ತಾರೆ.

ಎರಡನೆಯ ದೂರು ಜಾಹೀರಾತಿನದು. ವಿಶ್ವ ಆಕ್ಯುಪೇಷನಲ್ ಥೆರಪಿಸ್ಟರ ಒಕ್ಕೂಟ, ಅಂದರೆ ಡಬ್ಲ್ಯುಎಫ್‌ಒಟಿ, ಮಾನ್ಯತೆ ನೀಡುವುದು ವೃತ್ತಿ ಪ್ರವೇಶದ ಕೋರ್ಸುಗಳಿಗೆ. ಕನಿಷ್ಠ 1,000 ಗಂಟೆಗಳ ಪ್ರಾಯೋಗಿಕ ತರಬೇತಿ ಅದರ ಷರತ್ತುಗಳಲ್ಲೊಂದು. ನಮ್ಮಲ್ಲಿ ಆ ಮಾನ್ಯತೆ ಸಲ್ಲುವುದು ಬಿಒಟಿಗೆ. ಕೆಲವು ಪ್ರಾಸ್ಪೆಕ್ಟಸ್‌ಗಳು ಅದನ್ನೇ ಎಂಒಟಿಯ ಪುಟದಲ್ಲೂ ದಪ್ಪಕ್ಷರದಲ್ಲಿ ಅಚ್ಚು ಹಾಕಿವೆ (ಅನುಬಂಧ 8). ವಿದೇಶಕ್ಕೆ ಹೋಗುವ ಆಸೆಯಿಂದ ಸೇರಿದವರಿಗೆ, ಅಲ್ಲಿನವರು ಮೊದಲು ಕೇಳುವುದು ಬಿಒಟಿ ಓದಿದ ಕಾಲೇಜಿನ ಮಾನ್ಯತೆಯನ್ನೇ ಎಂಬುದು ತಡವಾಗಿ ಗೊತ್ತಾಗುತ್ತದೆ.

ಮಾಹಿತಿಯನ್ನು ಮೊದಲೇ ಪ್ರಕಟಿಸುವುದರಲ್ಲಿ ಹೊಸದಾಗಿ ಕಂಡುಹಿಡಿಯಬೇಕಾದ್ದು ಏನೂ ಇಲ್ಲ. ಅಮೆರಿಕದಲ್ಲಿ ಈ ವೃತ್ತಿಯ ಕೋರ್ಸುಗಳಿಗೆ ಮಾನ್ಯತೆ ಕೊಡುವ ಎಸಿಒಟಿಇ ಸಂಸ್ಥೆಯ ನಿಯಮದಂತೆ ಪ್ರತಿ ಕಾಲೇಜೂ ಹಿಂದಿನ 3 ವರ್ಷಗಳಲ್ಲಿ ಎಷ್ಟು ಮಂದಿ ಸೇರಿ ಎಷ್ಟು ಮಂದಿ ಮುಗಿಸಿದರೆಂಬುದನ್ನು ಬಹಿರಂಗಪಡಿಸಬೇಕು, ಎನ್‌ಬಿಸಿಒಟಿ ವೃತ್ತಿ ಪ್ರಮಾಣೀಕರಣ ಪರೀಕ್ಷೆಯ ಫಲಿತಾಂಶ ನೋಡಲು ದಾರಿಯನ್ನೂ ಒದಗಿಸಬೇಕು. ಎರಡನೇ ಹಂತದ ಫೀಲ್ಡ್‌ವರ್ಕ್ ಅಲ್ಲಿ 24 ವಾರ, ಸೇರುವ ಮೊದಲೇ ಎಲ್ಲರಿಗೂ ಅದು ಗೊತ್ತು. ಅಲ್ಲಿ ಅರ್ಜಿದಾರರು ಕಾಲೇಜುಗಳನ್ನು ಅಂಕಿಗಳಿಂದ ಹೋಲಿಸಿ ನೋಡುತ್ತಾರೆ, ಇಲ್ಲಿ ಸೀನಿಯರ್‌ಗಳ ಫೋನ್ ನಂಬರು ಹುಡುಕುತ್ತಾರೆ.

ಈ ದೇಶಕ್ಕೆ ಈ ವೃತ್ತಿ ನಿನ್ನೆ ಮೊನ್ನೆ ಬಂದದ್ದಲ್ಲ. 1950ರಲ್ಲಿ ಕಮಲಾ ನಿಂಬ್ಕರ್ ಅವರ ಪ್ರಯತ್ನದಿಂದ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ತರಬೇತಿ ಶಾಲೆ ಶುರುವಾಯಿತು. 1952ರಲ್ಲಿ ಡಬ್ಲ್ಯುಎಫ್‌ಒಟಿ ಹುಟ್ಟಿದಾಗ ಭಾರತ ಸ್ಥಾಪಕ ಸದಸ್ಯ ರಾಷ್ಟ್ರಗಳಲ್ಲೊಂದಾಗಿತ್ತು. ದೆಹಲಿ 1997ರಲ್ಲಿ, ಮಹಾರಾಷ್ಟ್ರ 2002ರಲ್ಲಿ ಫಿಸಿಯೋಥೆರಪಿ ಮತ್ತು ಆಕ್ಯುಪೇಷನಲ್ ಥೆರಪಿಗೆಂದೇ ಪರಿಷತ್ತಿನ ಕಾಯ್ದೆ ಮಾಡಿಕೊಂಡವು. ಇಲ್ಲಿನವರು ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ 2021ರ ಕೇಂದ್ರ ಕಾಯ್ದೆಗಾಗಿ ಕಾದರು. ಕಾಯ್ದೆ ಬಂದ ಮೇಲೆ ಅದು ಜಾರಿಯಾಗಲೆಂದು ಕಾದರು. ಆಗಸ್ಟ್ 2024ರಲ್ಲಿ ಸುಪ್ರೀಂ ಕೋರ್ಟ್ ಕೇಂದ್ರಕ್ಕೂ ರಾಜ್ಯಗಳಿಗೂ ಎರಡು ತಿಂಗಳ ಗಡುವು ಕೊಡಬೇಕಾಯಿತು. ಕಾಯ್ದೆಯಲ್ಲೇ ಬರೆದಿರುವ ಏಕರೂಪ ಪ್ರವೇಶ ಪರೀಕ್ಷೆ, ಒಟ್ಟಾದ ಕೌನ್ಸೆಲಿಂಗ್‌ಗಾಗಿ ಇನ್ನೆಷ್ಟು ಬ್ಯಾಚು ಕಾಯಬೇಕೆಂದು ಕೇಳಿದರೆ ಅದು ಉದ್ಧಟತನವಾಗಬಾರದು.

ಇವಲ್ಲದೆ ಕೆಲವು ಚಿಕ್ಕಪುಟ್ಟ ತೊಂದರೆಗಳೂ ಇವೆ. ಪ್ರತಿ ಕಾಲೇಜಿಗೂ ಬೇರೆ ಬೇರೆ ಅರ್ಜಿ ಶುಲ್ಕ. ಸ್ಪ್ಲಿಂಟ್ ಮಾಡುವ ಥರ್ಮೋಪ್ಲಾಸ್ಟಿಕ್ ಹಾಳೆಯನ್ನು ವಿದ್ಯಾರ್ಥಿಗಳೇ ಕೊಂಡು ತರಬೇಕು. ಆಕ್ಯುಪೇಷನಲ್ ಥೆರಪಿಸ್ಟರು 1992ರ ಭಾರತೀಯ ಪುನರ್ವಸತಿ ಪರಿಷತ್ತು (ಆರ್‌ಸಿಐ) ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ, ಆದರೂ ಕೆಲವು ವಿಶೇಷ ಶಾಲೆಗಳ ನೇಮಕಾತಿ ಪ್ರಕಟಣೆಗಳು ಅವರಿಂದ ಆರ್‌ಸಿಐ ಸಂಖ್ಯೆ ಕೇಳುತ್ತವೆ. ಇಲ್ಲದ ಸಂಖ್ಯೆಯನ್ನು ಎಲ್ಲಿಂದ ತರುವುದು?

ಈ ಹಿನ್ನೆಲೆಯಲ್ಲಿ ಮನವಿದಾರರ ಬೇಡಿಕೆಗಳು:

1. ಪ್ರತಿ ಕಾಲೇಜು ಅರ್ಜಿ ಕರೆಯುವ ದಿನವೇ ವಿಭಾಗವಾರು ಗೈಡ್‌ಗಳ ಹೆಸರು ಮತ್ತು ಅರ್ಹತೆ, ಸೀಟುಗಳ ಸಂಖ್ಯೆ, ಪೋಸ್ಟಿಂಗ್ ಆಸ್ಪತ್ರೆಗಳು, ಮೇಲ್ವಿಚಾರಣೆಯ ಗಂಟೆಗಳು, ಎರಡೂ ವರ್ಷಗಳ ಶುಲ್ಕ, ಸ್ಟೈಪೆಂಡ್ ಮತ್ತು ಹಿಂದಿನ 3 ಬ್ಯಾಚುಗಳ ಫಲಿತಾಂಶವನ್ನು ಪ್ರಕಟಿಸಬೇಕು. ಪರಿಷತ್ತು ಇವನ್ನೆಲ್ಲ ಒಂದೇ ಕಡೆ, ಕನ್ನಡದಲ್ಲೂ ಒದಗಿಸಬೇಕು.

2. ಪ್ರಕಟಿಸಿದ ಗೈಡ್ ಅಥವಾ ವಿಭಾಗ ಬದಲಾದರೆ ದಿನಾಂಕದ ಲೆಕ್ಕವಿಲ್ಲದೆ ಪೂರ್ತಿ ಶುಲ್ಕ ವಾಪಸು ಕೊಡಿಸಬೇಕು. ಒತ್ತೆ ಇರಿಸಿಕೊಂಡ ಮೂಲ ದಾಖಲೆಗಳನ್ನು ಕೂಡಲೇ ಬಿಡಿಸಬೇಕು.

3. ಮಾನ್ಯತೆ ಯಾವ ಕೋರ್ಸಿನದು, ಎಲ್ಲಿಯವರೆಗೆ ಎಂಬುದನ್ನು ಪ್ರಾಸ್ಪೆಕ್ಟಸ್‌ನಲ್ಲಿ ನಮೂದಿಸಬೇಕು. ತಪ್ಪು ಅಚ್ಚು ಹಾಕಿದವರಿಗೆ ದಂಡ ವಿಧಿಸಬೇಕು.

4. ಒಟ್ಟಾದ ಕೌನ್ಸೆಲಿಂಗ್ ಶುರುವಾಗಬೇಕು. ಅದರಲ್ಲಿ ಸಂವಿಧಾನದ 371-ಜೆ ವಿಧಿಯಡಿ ಕಲ್ಯಾಣ ಕರ್ನಾಟಕದ ಅಭ್ಯರ್ಥಿಗಳ ಪಾಲು ಸ್ಪಷ್ಟವಾಗಿರಬೇಕು. ಒಡಿಶಾದ ಓಲತ್‌ಪುರ, ಕೋಲ್ಕತ್ತದ ರಾಷ್ಟ್ರೀಯ ಸಂಸ್ಥೆಗಳಲ್ಲೂ ಎಂಒಟಿ ಇದೆ, ಆದರೆ ಸಾಲ ಮಾಡಿ ಓದುವ ಮನೆಯ ಮಕ್ಕಳಿಗೆ ಅಷ್ಟು ದೂರದ ಓದು ಸುಲಭವಲ್ಲ.

5. ಖಾಸಗಿ ಥೆರಪಿ ಕೇಂದ್ರಗಳಲ್ಲಿ 8 ವರ್ಷಕ್ಕಿಂತ ಹೆಚ್ಚು ದುಡಿದವರಿಗೆ ಎಂಒಟಿ ಪ್ರವೇಶದಲ್ಲಿ ಕೃಪಾಂಕ ನೀಡುವುದನ್ನು ಪರಿಶೀಲಿಸಬೇಕು. ಸಹಿ ಮಾಡಿದವರಲ್ಲಿ ಅಂಥ ಹಿರಿಯರು ಕೆಲವರಿದ್ದಾರೆ.

6. ಪ್ರವೇಶ ಪರೀಕ್ಷೆಯ ಒಂದು ಕೇಂದ್ರ ಧಾರವಾಡದಲ್ಲಿರಬೇಕು. ಕಾಲೇಜುಗಳ ತಪಾಸಣಾ ಸಮಿತಿಗೆ ಮನವಿದಾರರು ಸೂಚಿಸುವ ಇಬ್ಬರು ಅನುಭವಿ ಥೆರಪಿಸ್ಟರನ್ನು ನೇಮಿಸಬೇಕು.

ಮೊದಲ ಎರಡು ಬೇಡಿಕೆಗಳಿಗೆ ಹೊಸ ಕಾಯ್ದೆಯಾಗಲಿ ಸರ್ಕಾರದ ಅನುದಾನವಾಗಲಿ ಬೇಕಿಲ್ಲ, ಒಂದು ಸುತ್ತೋಲೆ ಸಾಕು. ಮುಂದಿನ ಪ್ರವೇಶ ಪ್ರಕಟಣೆ ಹೊರಬೀಳುವ ಮೊದಲೇ ಆ ಸುತ್ತೋಲೆ ಹೊರಡಿಸಬೇಕೆಂದೂ, ಅನುಬಂಧ 3ರಲ್ಲಿ ಹೆಸರಿಸಿದ ವಿದ್ಯಾರ್ಥಿನಿಯ ಮೂಲ ಅಂಕಪಟ್ಟಿಗಳನ್ನು ಈ ಪತ್ರ ತಲುಪಿದ ವಾರದೊಳಗೆ ಕೊಡಿಸಬೇಕೆಂದೂ ಮನವಿದಾರರು ಕೋರುತ್ತಾರೆ. ಈ ಬಾರಿ ಉತ್ತರವನ್ನು ಲಿಖಿತವಾಗಿ, ದಿನಾಂಕ ಸಹಿತ ನಿರೀಕ್ಷಿಸುತ್ತಾರೆ.

ಇಂತಿ,
ಸಹಿ ಮಾಡಿದ ಪದವೀಧರರು, ವಿದ್ಯಾರ್ಥಿಗಳು ಮತ್ತು ಪೋಷಕರು