ಮೇರಿ ಕೋಮ್ ಅವರಿಗೆ ಮುಂದಿನ ಜೋಡಿ ಯಾರು?

ಹೊನ್ನಾಳಿಯ ಹೊಡೆತವೆಂಬ ಮಾತು ನಮ್ಮ ಕನ್ನಡದಲ್ಲಿ ಗಾದೆಯಂತೆ ನಿಂತುಹೋಗಿದೆ. ಪೆಟ್ಟು ಬಲವಾಗಿ ಬಿದ್ದಿತೆಂದು ಹೇಳಬೇಕಾದಲ್ಲಿ ಹೊನ್ನಾಳಿಯನ್ನು ಕಾಣದವರೂ ಆ ಊರಿನ ಹೆಸರನ್ನೇ ಎತ್ತುತ್ತಾರೆ. ಅಂಥ ಸೀಮೆಯಲ್ಲಿ ಮುಷ್ಟಿಯುದ್ಧದ ವಿಷಯವಾಗಿ ವಾದವು ಹುಟ್ಟಿದರೆ ಆಶ್ಚರ್ಯವೇನು? ಕೆಲವು ದಿವಸಗಳ ಹಿಂದೆ ಚನ್ನಗಿರಿಯ ಮಿತ್ರರೊಬ್ಬರ ಜಗಲಿಯ ಮೇಲೆ ಹೊನ್ನಾಳಿ, ನ್ಯಾಮತಿ, ಜಗಳೂರುಗಳಿಂದ ಬಂದಿದ್ದ ಉಪಾಧ್ಯಾಯರೂ ವಕೀಲರೂ ಕಲೆತಿದ್ದಾಗ ಮಣಿಪುರದ ಮುಷ್ಟಿಮಲ್ಲರಾದ ಮೇರಿ ಕೋಮ್ ಅವರ ಪ್ರಸ್ತಾಪವು ಬಂದಿತು. ಟೋಕಿಯೋದಲ್ಲಿ ಅವರಿಗೆ ಅನ್ಯಾಯವಾಯಿತೆಂದು ಹೊನ್ನಾಳಿಯವರು ವಾದಿಸಿದರು. ಅನ್ಯಾಯವಾದದ್ದು ಅವರಿಗಲ್ಲ, ಅವರ ನೆರಳಿನಲ್ಲಿ ಕಾದುನಿಂತ ಕಿರಿಯರಿಗೆಂದು ಜಗಳೂರಿನವರು ಪ್ರತಿವಾದಿಸಿದರು. ಆದುದಾಯಿತು, ಮುಂದೆ ಅವರು ಯಾರೊಡನೆ ಸೆಣಸಬೇಕೆಂಬುದನ್ನು ಹೇಳಿರೆಂದು ನ್ಯಾಮತಿಯವರು ಕೇಳಿದರು. ಈ ಮೂರು ಮಾತುಗಳೂ ವಿಚಾರಕ್ಕೆ ಯೋಗ್ಯವಾದುವುಗಳೆಂದು ತೋರಿದುದರಿಂದ ನಮ್ಮ ಅಭಿಪ್ರಾಯವನ್ನು ವಾಚಕರ ಮುಂದಿಡುತ್ತೇವೆ.

ಸಾಕ್ಷ್ಯವಿಲ್ಲದೆ ತೀರ್ಪು ಸಲ್ಲದು. ಆದಕಾರಣ ಮೊದಲು ಸಾಧನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. 2001ರಲ್ಲಿ ಸ್ತ್ರೀಯರ ವಿಶ್ವ ಮುಷ್ಟಿಯುದ್ಧ ಸ್ಪರ್ಧೆಯು ಮೊಟ್ಟಮೊದಲು ನಡೆದಾಗ ಮೇರಿ ಕೋಮ್ ಅವರಿಗೆ ಬೆಳ್ಳಿಯ ಪದಕವು ದೊರೆಯಿತು. ಅನಂತರ 2002, 2005, 2006, 2008, 2010 ಈ ಐದು ವರ್ಷಗಳಲ್ಲಿ ಅವರು ವಿಶ್ವವಿಜೇತರಾದರು. ಈ ನಡುವೆ 2007ರಲ್ಲಿ ಅವಳಿ ಮಕ್ಕಳ ತಾಯಿಯಾದರು. 2012ರಲ್ಲಿ ಲಂಡನ್ನಿನ ಒಲಿಂಪಿಕ್ಸ್‌ನಲ್ಲಿ ಸ್ತ್ರೀಯರ ಮುಷ್ಟಿಯುದ್ಧಕ್ಕೆ ಮೊದಲ ಬಾರಿ ಸ್ಥಾನವು ಸಿಕ್ಕಿತು. ಆದರೆ ತೂಕದ ವಿಭಾಗಗಳು ಮೂರೇ, ಅವುಗಳಲ್ಲಿ ಅತಿ ಕಡಿಮೆಯದು 51 ಕಿಲೋ. 45ರಿಂದ 48 ಕಿಲೋ ತೂಕಗಳಲ್ಲಿ ವಿಶ್ವಪದವಿಗಳನ್ನು ಗೆದ್ದಿದ್ದ ಈಕೆಯು ಮೈತೂಕವನ್ನು ಏರಿಸಿಕೊಂಡು, ತನಗಿಂತ ಎತ್ತರದವರೊಡನೆ ಹೋರಾಡಿ, ಉಪಾಂತ್ಯದಲ್ಲಿ ಇಂಗ್ಲೆಂಡಿನ ನಿಕೋಲಾ ಆಡಮ್ಸ್‌ಗೆ ಸೋತು ಕಂಚಿನೊಡನೆ ಮರಳಿದರು. 2014ರಲ್ಲಿ ಇಂಚಿಯೋನ್ ಏಷ್ಯನ್ ಕ್ರೀಡಾಕೂಟದ ಚಿನ್ನ. 2016ರಲ್ಲಿ ರಿಯೋಗೆ ಅರ್ಹತೆಯೇ ದೊರೆಯಲಿಲ್ಲ. ಇನ್ನು ಮುಗಿಯಿತೆಂದು ಜನರು ಹೇಳುತ್ತಿರುವಾಗಲೇ 2018ರ ನವೆಂಬರಿನಲ್ಲಿ ದೆಹಲಿಯಲ್ಲಿ ಯುಕ್ರೇನಿನ ಹನ್ನಾ ಒಖೋಟಾರನ್ನು ಸೋಲಿಸಿ ಆರನೆಯ ಬಾರಿ ವಿಶ್ವವಿಜೇತರಾದರು. 2019ರಲ್ಲಿ ಕಂಚನ್ನು ಪಡೆದು ವಿಶ್ವಸ್ಪರ್ಧೆಯ ಎಂಟನೆಯ ಪದಕವನ್ನೂ ಗಳಿಸಿದರು. ಮೊದಲ ಪದಕಕ್ಕೂ ಕೊನೆಯದಕ್ಕೂ ನಡುವೆ 18 ವರ್ಷಗಳು! ಈ ಕೀರ್ತಿಯನ್ನು ಒಂದು ಸೋಲು ಅಳಿಸಲಾರದು.

ಈಗ ಟೋಕಿಯೋದ ವಿಷಯ. 2021ರ ಜುಲೈ 29ರಂದು 38 ವರ್ಷ ವಯಸ್ಸಿನ ಮೇರಿ ಕೋಮ್ ಅವರು ಕೊಲಂಬಿಯಾ ದೇಶದ ಇಂಗ್ರಿಟ್ ವಲೆನ್ಸಿಯಾರ ಎದುರು ಮೂರು ಸುತ್ತು ಹೋರಾಡಿದರು. ಮೊದಲನೆಯ ಸುತ್ತು ಐವರು ತೀರ್ಪುಗಾರರಲ್ಲಿ ನಾಲ್ವರಿಂದ ವಲೆನ್ಸಿಯಾರಿಗೆ ಹೋಯಿತು. ಎರಡನೆಯದೂ ಮೂರನೆಯದೂ ಮೂವರ ಮತದಿಂದ ಮೇರಿಯವರಿಗೆ ಬಂದುವು. ತಾವೇ ಗೆದ್ದೆವೆಂದು ಅವರು ಕೈಯೆತ್ತಿದರು. ಫಲಿತಾಂಶವು ಮಾತ್ರ 3–2ರಿಂದ ವಲೆನ್ಸಿಯಾರ ಕಡೆಗಾಯಿತು. "ಮೂರರಲ್ಲಿ ಎರಡು ಸುತ್ತು ಗೆದ್ದವಳು ಸೋಲುವುದೆಂದರೇನು?" ಎಂದು ಹೊನ್ನಾಳಿಯ ಮಿತ್ರರು ಕೇಳಿದ್ದು ಇದನ್ನೇ.

ನಿಯಮವನ್ನು ನೋಡಿದರೆ ಉತ್ತರವು ಸಿಕ್ಕುತ್ತದೆ. ಈ ಆಟದಲ್ಲಿ ಎಣಿಸತಕ್ಕದ್ದು ಸುತ್ತುಗಳನ್ನಲ್ಲ, ತೀರ್ಪುಗಾರರನ್ನು. ಪ್ರತಿಯೊಬ್ಬ ತೀರ್ಪುಗಾರನೂ ಪ್ರತಿಯೊಂದು ಸುತ್ತಿನಲ್ಲಿಯೂ ಮೇಲಾದವರಿಗೆ 10 ಅಂಕವನ್ನೂ ಕಡಮೆಯಾದವರಿಗೆ 9 ಅಥವಾ ಅದಕ್ಕೂ ಕೆಳಗಿನ ಅಂಕವನ್ನೂ ಕೊಟ್ಟು ಕೊನೆಗೆ ತನ್ನ ಪಟ್ಟಿಯನ್ನು ತಾನೇ ಕೂಡಿಸುತ್ತಾನೆ. ಐದು ಪಟ್ಟಿಗಳಲ್ಲಿ ಮೂರು ಯಾರ ಕಡೆಗೋ ಅವರಿಗೆ ಜಯ. ಮೊದಲ ಸುತ್ತಿನಲ್ಲಿ ನಾಲ್ಕು ಪಟ್ಟಿಗಳಲ್ಲಿ ಹಿಂದೆ ಬಿದ್ದವರು, ಮುಂದಿನ ಎರಡು ಸುತ್ತುಗಳನ್ನು ಒಂದೊಂದೇ ಮತದ ಅಂತರದಿಂದ ಗೆದ್ದರೂ, ಮೂರು ಪಟ್ಟಿಗಳಲ್ಲಿ ಹಿಂದೆಯೇ ಉಳಿಯಬಹುದು. ಆದುದೂ ಇಷ್ಟೆ. ಮೊದಲ ಮೂರು ನಿಮಿಷಗಳಲ್ಲಿ ಅವರು ಎದುರಾಳಿಯ ಅಂತರವನ್ನು ಅಳೆಯುತ್ತ ಕಾದರು. ಆ ಕಾಯುವಿಕೆಯ ಬೆಲೆಯನ್ನು ಉಳಿದ ಆರು ನಿಮಿಷಗಳಲ್ಲಿ ತೀರಿಸಲಾಗಲಿಲ್ಲ. ತೀರ್ಪು ನಮ್ಮ ಮನಸ್ಸಿಗೆ ಕಹಿಯಾದರೂ ಕ್ರಮಕ್ಕೆ ವಿರುದ್ಧವಾದುದಲ್ಲ. ಆ ಹೋರಾಟವು ಆ ವಯಸ್ಸಿಗೆ ಕುಂದು ತರತಕ್ಕದ್ದಂತೂ ಅಲ್ಲವೇ ಅಲ್ಲ.

ಜಗಳೂರಿನ ಮಿತ್ರರ ಮಾತು ಇದಕ್ಕಿಂತ ಗಂಭೀರವಾದುದು. 2019ರಲ್ಲಿ ಒಲಿಂಪಿಕ್ ಅರ್ಹತಾ ಪಂದ್ಯಗಳಿಗೆ ಆಯ್ಕೆಪಂದ್ಯವಿಲ್ಲದೆ ಮೇರಿ ಕೋಮ್ ಅವರನ್ನೇ ಕಳುಹಿಸಬೇಕೆಂಬ ಮಾತು ಕ್ರೀಡಾಧಿಕಾರಿಗಳ ಕಡೆಯಿಂದ ಬಂದಿತು. ಹೈದರಾಬಾದು ಪ್ರಾಂತದ ನಿಖತ್ ಝರೀನ್ ಎಂಬ 23 ವರ್ಷದ ತರುಣಿಯು, ತನಗೆ ಸ್ಥಾನವನ್ನು ಕೊಡಿರೆಂದಲ್ಲ, ತನ್ನೊಡನೆ ಸೆಣಸಲು ಅವಕಾಶವನ್ನು ಕೊಡಿರೆಂದು ಕೇಂದ್ರದ ಕ್ರೀಡಾಮಂತ್ರಿಗಳಿಗೆ ಬಹಿರಂಗವಾಗಿ ಪತ್ರ ಬರೆದಳು. ಹಿರಿಯರನ್ನು ಪರೀಕ್ಷಿಸಹೊರಟ ಉದ್ಧಟತನವೆಂದು ಕೆಲವರು ಅವಳನ್ನು ಜರೆದರು. ಡಿಸೆಂಬರ್ 28ರಂದು ದೆಹಲಿಯಲ್ಲಿ ಪಂದ್ಯವು ನಡೆಯಿತು. ಮೇರಿ ಕೋಮ್ ಅವರು 9–1ರಿಂದ ಗೆದ್ದರು. ಗೆದ್ದ ಮೇಲೆ ಕಿರಿಯಳ ಕೈಯನ್ನು ಕುಲುಕದೆ ಹೋದರು. ಮಹಾವೀರರಿಗೂ ಸಣ್ಣ ಗಳಿಗೆಗಳಿರುತ್ತವೆ. ಅದನ್ನು ನಾವು ಮುಚ್ಚಿಡುವುದಿಲ್ಲ.

ಆ ಪಂದ್ಯದಿಂದ ಯಾರಿಗೆ ನಷ್ಟವಾಯಿತು? ಹಿರಿಯರು ತಮ್ಮ ಸ್ಥಾನವನ್ನು ದಾನವಾಗಿ ಅಲ್ಲ, ಹಕ್ಕಾಗಿ ಪಡೆದರು. ಅಧಿಕಾರಿಗಳ ಕೃಪೆಯಿಂದ ಟೋಕಿಯೋಗೆ ಹೋದರೆಂಬ ಅಪವಾದವು ಹುಟ್ಟುವುದಕ್ಕೆ ಮೊದಲೇ ಸತ್ತಿತು. ಕಿರಿಯಳಿಗೆ ತನ್ನ ಕೊರತೆಯು ಎಷ್ಟೆಂಬುದು ತಿಳಿಯಿತು. ಆಕೆಯು 2022ರಲ್ಲಿ ಇಸ್ತಾಂಬುಲಿನಲ್ಲಿಯೂ 2023ರಲ್ಲಿ ದೆಹಲಿಯಲ್ಲಿಯೂ ವಿಶ್ವವಿಜೇತಳಾದಳು. ಗೌರವವು ಒಂದು, ಹಕ್ಕು ಇನ್ನೊಂದು. ಗೌರವವನ್ನು ಹಿಂದಿನ ಜಯಗಳು ಸಂಪಾದಿಸಿಕೊಡುತ್ತವೆ. ತಂಡದ ಸ್ಥಾನವನ್ನು ಇಂದಿನ ತೋಳೇ ಸಂಪಾದಿಸಬೇಕು.

ಇದನ್ನು ಹೇಳುವಾಗ ನಾವು ಬಾಲ್ಯದಲ್ಲಿ ಒಂದು ಜಾತ್ರೆಯಲ್ಲಿ ಕಂಡ ಕುಸ್ತಿಯು ನೆನಪಾಗುತ್ತದೆ. ಸುತ್ತಣ ಹತ್ತು ಹಳ್ಳಿಗಳಲ್ಲಿ ಹೆಸರಾಗಿದ್ದ ಹಿರಿಯ ಪೈಲ್ವಾನನೊಬ್ಬನಿಗೆ ನಮ್ಮ ಓಣಿಯ ಹುಡುಗನನ್ನು ಜೋಡಿಯಾಗಿ ಕಟ್ಟಿದರು. ಹಿರಿಯನ ಮಾನವನ್ನು ಉಳಿಸಬೇಕೆಂದು ವ್ಯವಸ್ಥಾಪಕರು ಹುಡುಗನಿಗೆ ಮೊದಲೇ ಹೇಳಿಟ್ಟಿದ್ದರು. ಹುಡುಗನು ಬಿದ್ದನು, ಜನರು ಕೇಕೆ ಹಾಕಿದರು. ಆದರೆ ಮೂವತ್ತು ವರ್ಷ ಮಣ್ಣಿನಲ್ಲಿ ಹೊರಳಿದವನಿಗೆ ಹಿಡಿತದಲ್ಲಿ ಬಲವಿದೆಯೋ ಇಲ್ಲವೋ ತಿಳಿಯದೆ? ಬಹುಮಾನದ ಪೇಟವನ್ನು ತಲೆಗೇರಿಸಿಕೊಳ್ಳದೆ ಕೈಯಲ್ಲಿಯೇ ಹಿಡಿದುಕೊಂಡು ಅವನು ಹೊರಟುಹೋದನು. ಹುಡುಗನು ಮರುವರ್ಷ ಗರಡಿಯ ಕಡೆಗೆ ಸುಳಿಯಲಿಲ್ಲ; ಅಡಿಕೆ ಸುಲಿಯುವ ಕೆಲಸಕ್ಕೆ ಹೋದನು. ಒಂದು ಸುಳ್ಳು ಗೆಲವಿನಿಂದ ಇಬ್ಬರು ಸೋತರು. 2019ರಲ್ಲಿ ದೆಹಲಿಯಲ್ಲಿ ಪಂದ್ಯವು ನಡೆಯದೆ ಹೋಗಿದ್ದರೆ ಇಂಥದೇ ಪಾಪವು ದೊಡ್ಡ ಪ್ರಮಾಣದಲ್ಲಿ ನಡೆದುಹೋಗುತ್ತಿತ್ತೆಂದು ನಾವು ತಿಳಿಯುತ್ತೇವೆ.

ಉಳಿದುದು ನ್ಯಾಮತಿಯವರ ಪ್ರಶ್ನೆ: ಮುಂದಿನ ಜೋಡಿ ಯಾರು? 2022ರ ಜೂನಿನಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ಆಯ್ಕೆಪಂದ್ಯದಲ್ಲಿ ಹರಿಯಾಣದ ನೀತು ಅವರ ಎದುರು ಮೊದಲ ಸುತ್ತಿನಲ್ಲಿಯೇ ಮೇರಿ ಕೋಮ್ ಅವರ ಮೊಣಕಾಲು ಉಳುಕಿ ಅವರು ಹಿಂದೆ ಸರಿಯಬೇಕಾಯಿತು. ನೀತು ಅವರು ಆ ವರ್ಷ ಬರ್ಮಿಂಗ್‌ಹ್ಯಾಮಿನಿಂದ ಚಿನ್ನವನ್ನು ತಂದರು. ಹವ್ಯಾಸಿ ಮುಷ್ಟಿಯುದ್ಧದಲ್ಲಿ 40 ವರ್ಷಕ್ಕೆ ಮೇಲ್ಪಟ್ಟವರಿಗೆ ಪ್ರವೇಶವಿಲ್ಲ. ಹಸಿವು ಇದ್ದರೂ ವಯಸ್ಸಿನ ನಿಯಮವು ಬಿಡದೆಂದು 2024ರ ಜನವರಿಯಲ್ಲಿ ಅವರೇ ಹೇಳಿದರು. ಹೀಗಿರಲಾಗಿ ಉಳಿದ ದಾರಿಯು ಹಣದ ಪಂದ್ಯಗಳದು. ಲಂಡನ್ನಿನ ಹಳೆಯ ಲೆಕ್ಕವನ್ನು ನಿಕೋಲಾ ಆಡಮ್ಸ್‌ರೊಡನೆ ತೀರಿಸಿಕೊಳ್ಳಲಿ ಎಂಬುದು ಕೆಲವರ ಆಸೆ. ಆದರೆ ಆಡಮ್ಸ್‌ರು ಕಣ್ಣಿಗೆ ಅಪಾಯವುಂಟೆಂದು ವೈದ್ಯರು ಹೇಳಿದ ಮೇಲೆ 2019ರಲ್ಲಿಯೇ ಕೈಚೀಲಗಳನ್ನು ಬಿಚ್ಚಿಟ್ಟರು. ವಲೆನ್ಸಿಯಾರೊಡನೆ ಮರುಪಂದ್ಯವಾಗಲಿ ಎನ್ನುವವರಿದ್ದಾರೆ. ನಿಖತ್‌ರೊಡನೆಯೇ ಆಗಲಿ ಎನ್ನುವವರೂ ಇದ್ದಾರೆ.

ಈ ಪಕ್ಷದವರು ಉದಾಹರಣೆಗಳನ್ನು ಕೊಡದೆ ಇಲ್ಲ. ಅಮೆರಿಕದ ಜಾರ್ಜ್ ಫೋರ್‌ಮನ್ 1994ರಲ್ಲಿ 45ನೆಯ ವಯಸ್ಸಿನಲ್ಲಿ ತನಗಿಂತ ಬಹು ಕಿರಿಯನಾದ ಮೈಕೆಲ್ ಮೂರರ್‌ನನ್ನು ಕೆಡವಿ ಪದವಿಯನ್ನು ಮರಳಿ ಪಡೆದನು. ಫಿಲಿಪೀನ್ಸಿನ ಮ್ಯಾನಿ ಪ್ಯಾಕಿಯಾವೋ 2025ರ ಜುಲೈಯಲ್ಲಿ 46ನೆಯ ವಯಸ್ಸಿನಲ್ಲಿ ಪದವೀಧರನಾದ ಮಾರಿಯೋ ಬಾರಿಯೋಸ್‌ನೊಡನೆ ಹನ್ನೆರಡು ಸುತ್ತು ಕಾದಾಡಿ ಸಮನಾಗಿ ನಿಂತನು. ನಮ್ಮ ಗಾಮಾ ಪೈಲ್ವಾನರು 1928ರಲ್ಲಿ ಪಟಿಯಾಲದಲ್ಲಿ, ಐವತ್ತರ ಅಂಚಿನಲ್ಲಿದ್ದಾಗ, ಝಿಬಿಸ್ಕೋನನ್ನು ಒಂದು ನಿಮಿಷದೊಳಗಾಗಿ ಚಿತ್ತು ಮಾಡಲಿಲ್ಲವೇ? ಎಲ್ಲವೂ ನಿಜವೇ. ಆದರೆ ಇದೇ ಪುಸ್ತಕದ ಇನ್ನೊಂದು ಹಾಳೆಯನ್ನೂ ತಿರುವಬೇಕು. 1980ರ ಅಕ್ಟೋಬರ್ 2ರಂದು 38 ವರ್ಷದ ಮಹಮ್ಮದ್ ಅಲಿಯು, ಹಿಂದೆ ತನ್ನ ಅಭ್ಯಾಸಕ್ಕೆ ಜೊತೆಗಾರನಾಗಿದ್ದ ಲ್ಯಾರಿ ಹೋಮ್ಸ್‌ನ ಎದುರು ಹತ್ತು ಸುತ್ತು ಪೆಟ್ಟು ತಿಂದು ಪೀಠದಿಂದ ಏಳಲಾರದೆ ಹೋದನು. ನಾಲ್ಕು ವರ್ಷಗಳಲ್ಲಿ ಅವನ ನಡುಕರೋಗವು ಲೋಕಕ್ಕೆ ತಿಳಿಯಿತು. ಪೆಟ್ಟುಗಳು ಅದಕ್ಕೆ ಎಷ್ಟು ಕಾರಣವೆಂಬುದನ್ನು ವೈದ್ಯರು ಚರ್ಚಿಸಲಿ. ಆ ರಾತ್ರಿಯ ಹಣವನ್ನು ಎಣಿಸಿಕೊಂಡವರಾಗಲಿ, ನೋಡಿ ಕೇಕೆ ಹಾಕಿದವರಾಗಲಿ, ಆ ನಡುಕದಲ್ಲಿ ಪಾಲನ್ನು ಹೊರಲಿಲ್ಲ.

ಆದಕಾರಣ ನಮ್ಮ ನಿರ್ಣಯವಿದು. ಮೇರಿ ಕೋಮ್ ಅವರು ಇನ್ನೊಮ್ಮೆ ಕಣಕ್ಕೆ ಇಳಿಯಬಯಸಿದರೆ ತಡೆಯಲು ನಾವು ಯಾರೂ ಅಲ್ಲ; ಅವರ ಮೈ ಅವರದು. ಆದರೆ ಜೋಡಿಯನ್ನು ಕಟ್ಟತಕ್ಕವರು ಹಣ ಹಾಕುವವರಲ್ಲ. ವೈದ್ಯರು ಮೊದಲು ಹೌದೆನ್ನಬೇಕು. ಎದುರಾಳಿಯು ವಯಸ್ಸಿನಲ್ಲಿಯೂ ತೂಕದಲ್ಲಿಯೂ ಸಮೀಪದವಳಾಗಿರಬೇಕು. ನಿಖತ್‌ರೊಡನೆ ಮರುಪಂದ್ಯವು ಬೇಡ. ಆ ವ್ಯಾಜ್ಯವು ಉಭಯಪಕ್ಷಗಳಿಗೂ ಗೌರವವಾಗುವಂತೆ 2019ರಲ್ಲಿಯೇ ತೀರಿಹೋಗಿದೆ.

ಕೊನೆಯದಾಗಿ ನಮ್ಮ ಉಪಾಧ್ಯಾಯ ವಾಚಕರಿಗೆ ಒಂದು ಮಾತು. ದಾವಣಗೆರೆಯ ಕ್ರೀಡಾನಿಲಯವು ಕುಸ್ತಿಪಟುಗಳಿಗೆ ಹೆಸರಾಗಿದೆ. ಅಲ್ಲಿಗೆ ಹೋಗುವ ದಾರಿಯು ನಮ್ಮ ತಾಲ್ಲೂಕುಗಳ ಶಾಲಾ ಆಟೋಟಗಳಿಂದಲೇ ಆರಂಭವಾಗತಕ್ಕದ್ದು. ಈ ಆಟೋಟಗಳಿಗೆ ಹುಡುಗರನ್ನೂ ಹುಡುಗಿಯರನ್ನೂ ಆರಿಸುವಾಗ "ಕಳೆದ ವರ್ಷ ಗೆದ್ದವನಲ್ಲವೇ, ಇವನೇ ಹೋಗಲಿ" ಎಂದು ಪಟ್ಟಿಯನ್ನು ಮೊದಲೇ ಬರೆದಿಡುವುದನ್ನು ನಾವು ಕಂಡಿದ್ದೇವೆ. ಇಂಥವರ ಮಗನೆಂದು ಬರೆಯುವುದನ್ನೂ ಕಂಡಿದ್ದೇವೆ. ಮುಂದಿನ ಬಾರಿ ಹಿಂದಿನ ಸಾಲಿನಿಂದ ಹುಡುಗಿಯೊಬ್ಬಳು ಎದ್ದು "ಸ್ವಾಮಿ, ನಾನೂ ಓಡುತ್ತೇನೆ, ನೋಡಿರಿ" ಎಂದರೆ ಅವಳನ್ನು ಉದ್ಧಟಳೆಂದು ಕೂರಿಸಬೇಡಿರಿ. ಶಾಲೆಯ ಬಯಲಿನಲ್ಲಿ ಸುಣ್ಣದ ಗೆರೆಯನ್ನೆಳೆದು, ಎಲ್ಲರೂ ಕಾಣುವಂತೆ ಇಬ್ಬರನ್ನೂ ಓಡಿಸಿರಿ. ಹಳೆಯ ವಿಜೇತನು ಗೆದ್ದರೆ ಅವನ ಮಾನವು ಹೆಚ್ಚಿತು. ಸೋತರೆ ಊರಿಗೆ ಹೊಸ ವಿಜೇತಳೊಬ್ಬಳು ದೊರೆತಳು.